ಯಾರಿಗೂ ಹೇಳಬೇಡ ಎಂದವಳು ನಾನೇ

ನನ್ನ ಬಾಯಿ ಜೋರು. ಅದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ಆಮೇಲೆ ಬೇರೆಯವರು ಹೇಳುವುದು ಬೇಡ. ಅಮ್ಮ ತೀರಿಹೋದಾಗ ನನಗೆ ಹದಿನೇಳು ವರ್ಷ, ನಡುವಿನ ತಂಗಿಗೆ ಹತ್ತು, ಕಿರಿಯವಳಿಗೆ ಆರು. ಅಪ್ಪ ಡೊಂಬಿವಲಿಯ ಹೋಟೆಲೊಂದರಲ್ಲಿ ಮ್ಯಾನೇಜರ್ ಆಗಿದ್ದರು. ಬೆಳಗಾಗುವ ಮೊದಲೇ ಹೋದರೆ ನಾವು ಮಲಗಿದ ಮೇಲೆ ಬರುತ್ತಿದ್ದರು. ಮನೆಯಲ್ಲಿ ಮಾತಾಡುವವರು ಒಬ್ಬರಾದರೂ ಬೇಕಲ್ಲ, ನಾನು ಮಾತಾಡಿದೆ. ಶಾಲೆಯ ಫಾರ್ಮು, ರೇಷನ್ ಅಂಗಡಿಯ ಕ್ಯೂ, ನಾವಿದ್ದ ಚಾಳಿನ ಸಾಲುಮನೆಗಳ ನಲ್ಲಿ ನೀರಿನ ಜಗಳ, ಹಬ್ಬಕ್ಕೆ ಯಾರಿಗೆ ಯಾವ ಬಟ್ಟೆ, ಎಲ್ಲದಕ್ಕೂ ಕೊನೆಯ ಮಾತು ನನ್ನದೇ. ಮದುವೆಯಾಗಿ ಕೋಪರಖೈರಣೆಗೆ ಬಂದ ಮೇಲೂ ಈ ಚಾಳಿ ಬಿಡಲಿಲ್ಲ. "ನಿನ್ನ ತವರಿನಲ್ಲಿ ಫ್ಯಾನು ತಿರುಗಬೇಕಾದರೂ ಮೊದಲು ನಿನಗೆ ಫೋನ್ ಮಾಡಿ ಕೇಳ್ತದೆ" ಎಂದು ನನ್ನ ಗಂಡ ತಮಾಷೆ ಮಾಡುತ್ತಿದ್ದರು.

ನಡುವಿನವಳಿಗೆ ಗಂಡು ನೋಡಿದ್ದೂ ನಾನೇ. ಉಡುಪಿ ಕಡೆಯವರು, ನಮ್ಮವರೇ. ಹುಡುಗ ವಾಶಿಯ ಮಾರ್ಕೆಟ್ಟಿನಲ್ಲಿ ಗುಮಾಸ್ತ, ಒಬ್ಬನೇ ಮಗ. ಅಪ್ಪ ಇಲ್ಲ, ಅಮ್ಮ ಇದ್ದಾರೆ. ಮನೆ ನನ್ನ ಮನೆಯಿಂದ ಎರಡು ಗಲ್ಲಿ ಆಚೆ. ಇದಕ್ಕಿಂತ ಹೆಚ್ಚು ಏನು ಬೇಕು? ತಂಗಿ ಕಣ್ಣೆದುರೇ ಇರುತ್ತಾಳೆ ಎಂದು ನಾನು ಹಿಗ್ಗಿಹೋದೆ. ಹುಡುಗನ ಅಪ್ಪ ಹೇಗೆ ಹೋದರು ಎಂದು ಆಗ ನಾವು ಕೇಳಲೂ ಇಲ್ಲ, ಅವರು ಹೇಳಲೂ ಇಲ್ಲ. ಗೋಡೆಯ ಮೇಲೆ ಫೋಟೋ ಇತ್ತು, ನಾವೂ ಕೈಮುಗಿದೆವು.

ಮದುವೆಯಾಗಿ ಒಂದೂವರೆ ವರ್ಷಕ್ಕೆ ತಂಗಿ ಬಸುರಿಯಾದಳು. ಐದು ತಿಂಗಳು ತುಂಬಿದಾಗ ಹತ್ತಿರದ ನರ್ಸಿಂಗ್ ಹೋಮಿನ ಡಾಕ್ಟರಮ್ಮ ಗ್ಲೂಕೋಸಿನ ನೀರು ಕುಡಿಸಿ, ಎರಡು ಗಂಟೆ ಕೂರಿಸಿ ರಕ್ತ ತೆಗೆದರು. ಅತ್ತೆಗೆ ಮೊಣಕಾಲು ನೋವು, ಆದ್ದರಿಂದ ಜೊತೆಯಲ್ಲಿ ಹೋಗಿದ್ದವಳು ನಾನು. ರಿಪೋರ್ಟು ನೋಡಿ ಡಾಕ್ಟರಮ್ಮ ಕನ್ನಡಕ ತೆಗೆದಿಟ್ಟರು. ಬಸುರಿನಲ್ಲಿ ಬರುವ ಸಕ್ಕರೆ ಕಾಯಿಲೆ ಇದು, ಹೆರಿಗೆಯಾದ ಮೇಲೆ ಹೆಚ್ಚಿನವರಿಗೆ ಹೋಗುತ್ತದೆ, ಆದರೆ ಅಲ್ಲಿಯವರೆಗೆ ಇದನ್ನು ಹಗುರವಾಗಿ ತೆಗೆದುಕೊಂಡರೆ ಮಗುವಿನ ಜೀವಕ್ಕೇ ಅಪಾಯ ಎಂದರು. ಮನೆಯವರಿಗೆ ಆಮೇಲೆ ಹೇಳಿದರಾಯಿತು ಎಂದು, ಸಿಹಿ ಸೇರುವುದಿಲ್ಲವೆಂಬ ನೆಪದಲ್ಲಿ ಎರಡು ವಾರ ಪಥ್ಯ ಮಾಡಿ ನೋಡಿದ್ದಾಯಿತು, ಇಳಿಯಲಿಲ್ಲ. ಇನ್ಸುಲಿನ್ ಬೇಕು, ದೊಡ್ಡ ಆಸ್ಪತ್ರೆಗೆ ಹೋಗಿ ಎಂದು ಚೀಟಿ ಬರೆದರು.

ನನಗೆ ತಲೆಬುಡ ಅರ್ಥವಾಗಲಿಲ್ಲ. ಸಕ್ಕರೆ ಕಾಯಿಲೆ ಎಂದರೆ ನನ್ನ ಕಣ್ಣಿಗೆ ಬರುತ್ತಿದ್ದದ್ದು ಹೊಟ್ಟೆ ಮುಂದೆ ಬಂದ ಹೋಟೆಲ್ ಧಣಿಗಳು. ಇಪ್ಪತ್ತಮೂರು ವರ್ಷದ, ಕಡ್ಡಿಯಂಥ ನನ್ನ ತಂಗಿಗೆ ಎಲ್ಲಿಂದ ಬಂತು? ಅದಕ್ಕಿಂತ ದೊಡ್ಡ ಚಿಂತೆ ಇನ್ನೊಂದಿತ್ತು. ಕಿರಿಯವಳಿಗೆ ಸಂಬಂಧ ಕುದುರುವುದರಲ್ಲಿತ್ತು. ಹುಡುಗ ಬೇರೆ ಯಾರೂ ಅಲ್ಲ, ಈ ತಂಗಿಯ ಅತ್ತೆಯ ತಮ್ಮನ ಮಗ. ಕಳಂಬೋಲಿಯ ಕಬ್ಬಿಣದ ಮಾರ್ಕೆಟ್ಟಿನಲ್ಲಿ ಸ್ವಂತ ಆಫೀಸು, ಹೊಸ ಫ್ಲಾಟು. ಅಮ್ಮ ಯಾವ ರೋಗದಿಂದ ಹೋದಳೆಂದು ನಮಗೇ ಸರಿಯಾಗಿ ಗೊತ್ತಿರಲಿಲ್ಲ. ಕಾಲು ಬಾತುಕೊಂಡಿತ್ತು, ಕೊನೆಗೆ ಕಣ್ಣು ಮಂಜಾಗಿತ್ತು, ಅಷ್ಟೇ ನೆನಪು. ಊರಿನಲ್ಲಿ ಆ ಬಗ್ಗೆ ತಲೆಗೊಂದು ಮಾತು. ಈಗ ಮಗಳಿಗೂ ಸಕ್ಕರೆ ಎಂದು ಗೊತ್ತಾದರೆ ಆ ಮನೆಯ ಹೆಣ್ಣುಮಕ್ಕಳ ರಕ್ತವೇ ಸರಿಯಿಲ್ಲ ಅನ್ನುವುದಿಲ್ಲವೇ? ಊರ ಬಾಯಿಗೆ ಮುಚ್ಚಳ ಹಾಕಲು ಆಗುತ್ತದೆಯೇ?

ನರ್ಸಿಂಗ್ ಹೋಮಿನ ಮೆಟ್ಟಿಲಿಳಿಯುವಾಗಲೇ ನಾನು ತೀರ್ಮಾನ ಮಾಡಿಬಿಟ್ಟೆ.

"ನೋಡು, ಇದು ಯಾರಿಗೂ ಹೇಳ್ಬೇಡ" ಎಂದೆ.

"ಅತ್ತೆಗೂ?"

"ಅತ್ತೆಗೇ ಮೊದಲು ಹೇಳ್ಬೇಡ."

"ಇವರಿಗಾದ್ರೂ ಹೇಳುವ ಅಕ್ಕ. ಗಂಡನಲ್ವಾ?"

"ನಿನ್ನ ಗಂಡ ಬೆಳಿಗ್ಗೆ ತಿಂದ ದೋಸೆ ಎಷ್ಟು ಅಂತ ಸಹ ಅಮ್ಮನಲ್ಲಿ ಹೇಳುವ ಜನ. ಸುಮ್ಮನಿರು ಮಾರಾಯ್ತಿ. ನಾಲ್ಕು ತಿಂಗಳ ಮಾತು. ನಾನಿಲ್ವಾ?"

ಅವಳು ತಲೆಯಾಡಿಸಿದಳು.

ದೊಡ್ಡ ಆಸ್ಪತ್ರೆ ಆರಿಸುವಾಗಲೂ ನನ್ನ ಬುದ್ಧಿವಂತಿಕೆ ಕಡಿಮೆಯಿರಲಿಲ್ಲ. ನಮ್ಮವರು ಯಾರೂ ಕಾಲಿಡದ, ಕೂಲಿ ಜನರೇ ತುಂಬಿರುವ ಸರಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಅಲ್ಲಿ ಬಸುರಿಯರ ಬೆಂಚಿನಲ್ಲಿ ತಂಗಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅಳುತ್ತಿದ್ದಳು. ಪಕ್ಕದಲ್ಲಿ ವಿಜಯಪುರದ ಕಡೆಯ ಹೆಂಗಸೊಬ್ಬಳು ಕೂತಿದ್ದಳು. ಐರೋಲಿಯಲ್ಲಿ ಕಟ್ಟಡದ ಕೆಲಸಕ್ಕೆ ಬಂದವಳು, ಕೈಯ ಬಿರುಕಿನಲ್ಲೆಲ್ಲ ಸಿಮೆಂಟು. ನಮ್ಮ ಮಾತು ಕನ್ನಡವೆಂದು ಕೇಳಿ ಅವಳೇ ಬಾಯಿ ಬಿಟ್ಟಳು.

"ಯಾಕ ಅಳಾಕತ್ತೀಯವ್ವ ತಂಗಿ? ಸೂಜಿಗೆ ಅಂಜೀಯೇನು? ಇರುವಿ ಕಡದಂಗ ಆಕ್ಕೈತಿ, ಅಷ್ಟ."

ಅವಳಿಗೂ ಇದೇ ಕಾಯಿಲೆ, ತಿಂಗಳಿಂದ ಇನ್ಸುಲಿನ್ ಚುಚ್ಚಿಕೊಳ್ಳುತ್ತಿದ್ದಳು. ಅದನ್ನು ತಣ್ಣಗಿಡಬೇಕಲ್ಲ, ಫ್ರಿಜ್ ಇದೆಯಾ ಎಂದು ನಾನು ಕೇಳಿದೆ.

"ಪತ್ರಾಸ್ ತಗಡಿನ ಮನ್ಯಾಗ ಎಲ್ಲಿ ಫ್ರಿಜ್ಜು ತರೋಣ್ರಿ ಅಕ್ಕಾರ? ಗಡಿಗ್ಯಾಗ ಉಸುಕು ತುಂಬಿ, ನೀರು ಹೊಡದು, ಅದರಾಗ ಇಟ್ಟೀನಿ. ಸಿಸ್ಟರ ಹೇಳ್ಯಾರ ಹಂಗ ಮಾಡಂತ."

"ಅಲ್ಲಿ ಎಲ್ಲರಿಗೂ ಗೊತ್ತಾಗೋದಿಲ್ವಾ?"

ಆ ಪ್ರಶ್ನೆ ಅವಳಿಗೆ ವಿಚಿತ್ರವೆನಿಸಿರಬೇಕು. "ಗೊತ್ತಾಗ್ಲಿ ಬಿಡ್ರಿ! ನಾ ಮರೆತ್ರ ನಮ್ಮ ಕೂಲಿ ಮ್ಯಾಳದ ಮುಕಾದಮನ ಹೇಂತಿ ಮ್ಯಾಲಿನ ಸ್ಲ್ಯಾಬಿನಿಂದ ಒದರ್ತಾಳ, ಏ, ಸೂಜಿ ಆತೇನ ಅಂತ" ಎಂದು ನಕ್ಕಳು.

ತಂಗಿಯೂ ಅಳು ನಿಲ್ಲಿಸಿ ಸ್ವಲ್ಪ ನಕ್ಕಳು. ನಾನು ನಗಲಿಲ್ಲ. ಇವರಿಗೇನು, ಮನೆತನ ಮರ್ಯಾದೆ ಎಂದು ಹೆದರುವುದಕ್ಕೆ ಏನಿದೆ ಎಂದು ಮನಸ್ಸಿನಲ್ಲೇ ಅಂದುಕೊಂಡೆ. ಹಾಗೆ ಅಂದುಕೊಂಡದ್ದು ನಿಜ, ಅದನ್ನು ಮುಚ್ಚಿಟ್ಟು ಬರೆದರೆ ಮತ್ತೊಂದು ತಪ್ಪಾಗುತ್ತದೆ. ಆ ಹೆಂಗಸನ್ನು ನಾನು ಮತ್ತೆ ನೋಡಲಿಲ್ಲ. ಅವಳ ಹೆರಿಗೆ ಏನಾಯಿತೋ ಗೊತ್ತಿಲ್ಲ.

ಅಂದಿನಿಂದ ಇನ್ಸುಲಿನ್ ನನ್ನ ಫ್ರಿಜ್ಜಿನಲ್ಲಿ, ಸ್ಟೀಲಿನ ಡಬ್ಬಿಯೊಳಗೆ. ಸೂಜಿ ಹಾಕುವುದನ್ನು ಸಿಸ್ಟರ್ ನನಗೆ ಮೋಸಂಬಿಯ ಮೇಲೆ ಕಲಿಸಿದ್ದರು. ಮನೆಗೆ ಬಂದು ಮತ್ತೆರಡು ಮೋಸಂಬಿಗೆ ಚುಚ್ಚಿ ಅಭ್ಯಾಸ ಮಾಡಿದೆ. ಬೆಳಿಗ್ಗೆ ಹಾಲಿನ ಪ್ಯಾಕೆಟ್ ತರುವ ನೆಪದಲ್ಲಿ ತಂಗಿ ಬರುತ್ತಿದ್ದಳು, ಸಂಜೆ ದೇವಸ್ಥಾನದ ನೆಪದಲ್ಲಿ. ನನ್ನ ಅಡುಗೆಮನೆಯ ಸ್ಟೂಲಿನ ಮೇಲೆ ಕೂತು ಕುಪ್ಪಸದ ಕೆಳಗೆ ಸೆರಗು ಸರಿಸುತ್ತಿದ್ದಳು. ನಾನು ಚುಚ್ಚುವಾಗ ಕಣ್ಣು ಮುಚ್ಚಿಕೊಂಡು ಒಂದರಿಂದ ಹತ್ತರವರೆಗೆ ಎಣಿಸುವಳು, ಮರಾಠಿಯಲ್ಲಿ. ಇಲ್ಲಿನ ಶಾಲೆಯಲ್ಲಿ ಕಲಿತವಳಲ್ಲವೇ. ಒಂದು ದಿನ ಎಂಟಕ್ಕೇ ನಿಲ್ಲಿಸಿ, "ಅಕ್ಕ, ಕೈ ಇಲ್ಲಿಡು, ನಿನ್ನ ಸೂಜಿಗೆ ಸಿಟ್ಟು ಬಂದಿದೆ ಇದಕ್ಕೆ" ಎಂದಳು. ಕೈಯಿಟ್ಟೆ. ಒಳಗಿನಿಂದ ಎಂಥ ಒದೆ ಅಂತೀರಿ! "ಇದು ಖಂಡಿತ ನಿನ್ನ ಹಾಗೇ ಆಗ್ತದೆ, ಜೋರು" ಎಂದು ನಕ್ಕಳು. ನನಗೆ ಎರಡು ಮಕ್ಕಳಾಗಿವೆ, ಆದರೂ ಆ ಒದೆಗೆ ನನ್ನ ಮೈ ಜುಮ್ಮೆಂದಿತು.

ಸೂಜಿಯೊಂದೇ ಸಾಕಾಗುವುದಿಲ್ಲ, ಊಟವೂ ಹತೋಟಿಯಲ್ಲಿರಬೇಕು, ಹದಿನೈದು ದಿನಕ್ಕೊಮ್ಮೆ ರಕ್ತ ಪರೀಕ್ಷೆಯಾಗಬೇಕು ಎಂದಿದ್ದರು. ಗುಟ್ಟಿನ ಸಂಸಾರದಲ್ಲಿ ಅದೆಲ್ಲ ಎಲ್ಲಿ ನಡೆಯಬೇಕು? ಅವಳ ಅತ್ತೆ ಒಳ್ಳೆಯವರು, ಅದೇ ಕಷ್ಟ. ಸಿಹಿ ಸೇರುವುದಿಲ್ಲ ಎಂದರೆ ಬೇರೆ ಸಿಹಿ ಮಾಡುವರು. ಎರಡು ಜೀವದ ಹೊಟ್ಟೆ ಎಂದು ಅನ್ನದ ಮೇಲೆ ಅನ್ನ, ಮಧ್ಯಾಹ್ನಕ್ಕೆ ಕಾಯಿಬೆಲ್ಲದ ಗೆಣಸಲೆ, ಸಂಜೆಗೆ ಬಾಳೆಹಣ್ಣಿನ ಹಲ್ವ. ಇವಳು ಒಂದು ಚೂರು ಬಾಯಿಗಿಟ್ಟು ಉಳಿದದ್ದನ್ನು ಬಟ್ಟೆಯಲ್ಲಿ ಕಟ್ಟಿ ನನ್ನ ಮನೆಗೆ ತರುತ್ತಿದ್ದಳು. ನನ್ನ ಮಕ್ಕಳು ಚಿಕ್ಕಮ್ಮ ಬಂದರೆಂದರೆ ಕುಣಿಯುತ್ತಿದ್ದವು. ಎಲ್ಲವನ್ನೂ ಹಾಗೆ ತರಲಿಕ್ಕಾಗುತ್ತಿರಲಿಲ್ಲ, ಎದುರಿಗೆ ಕೂತು ಬಡಿಸಿದಾಗ ತಿನ್ನಲೇಬೇಕು. ರಕ್ತ ಪರೀಕ್ಷೆ ಎಂದರೆ ಅರ್ಧ ದಿನ ಹೊರಗೆ, ಅದಕ್ಕೆ ನೆಪ ಸಿಗದೆ ಎರಡು ಸಲ ತಪ್ಪಿಹೋಯಿತು.

"ಹೇಳಿಬಿಡುವುದು ಒಳ್ಳೇದಲ್ವಾ?" ಎಂದು ನನ್ನ ಗಂಡ ಒಂದು ಸಲ ಕೇಳಿದರು. ಮನೆಯಲ್ಲಿ ಗೊತ್ತಿದ್ದದ್ದು ಅವರೊಬ್ಬರಿಗೆ.

"ನಿಮ್ಮ ತಂಗಿಯ ಮದುವೆಯಾಗಿದೆ, ನಿಮಗೆ ಹೇಳ್ಲಿಕ್ಕೆ ಸುಲಭ" ಎಂದು ಹಾರಿಬಿದ್ದೆ. ಅವರು ಪೇಪರು ಬಿಡಿಸಿಕೊಂಡರು.

ಏಳನೆಯ ತಿಂಗಳ ಕೊನೆಗೆ ಬಯಕೆ ಬಂತು. ಬಸುರಿಯನ್ನು ಮಣೆಯಲ್ಲಿ ಕೂರಿಸಿ, ಹಸಿರು ಬಳೆ ತೊಡಿಸಿ, ಅವಳಿಗೆ ಆಸೆಯಿರುವ ತಿಂಡಿಯನ್ನೆಲ್ಲ ಬಡಿಸುವ ಶಾಸ್ತ್ರ. ನಮ್ಮಲ್ಲಿ ಅಮ್ಮ ಇಲ್ಲ. ಹಾಗಾಗಿ ಅತ್ತೆಯ ತಮ್ಮ, ಕಳಂಬೋಲಿಯವರು, ಹೊಸ ಫ್ಲಾಟಿನಲ್ಲಿ ನಾವೇ ಮಾಡುತ್ತೇವೆ ಎಂದರು. ಆದಿತ್ಯವಾರ ಬಯಕೆ, ಅದೇ ದಿನ ನೆಂಟರೆಲ್ಲ ಸೇರಿರುವಾಗ ಕಿರಿಯವಳನ್ನು ನೋಡುವುದೂ ಆಗುತ್ತದೆ ಎಂದರು. ಅತ್ತೆ ಸೊಸೆ ಶನಿವಾರವೇ ಬಂದು ಬುಧವಾರದವರೆಗೆ ಇರಬೇಕು.

ಶುಕ್ರವಾರ ಸಂಜೆ ಸೂಜಿ ಹಾಕಿಸಿಕೊಂಡು ತಂಗಿ ಸ್ಟೂಲಿನಿಂದ ಏಳಲೇ ಇಲ್ಲ.

"ಐದು ದಿನ ಎಂತ ಮಾಡುವುದು ಅಕ್ಕ? ಅವರ ಮನೆಯ ಫ್ರಿಜ್ಜಿನಲ್ಲಿ ಹೇಗೆ ಇಡುವುದು? ಅಲ್ಲಿ ಬಾಗಿಲು ಹಾಕಿಕೊಂಡು ಕೂತರೂ ಯಾರಾದರೂ ಬಡೀತಾರೆ."

"ಐದು ದಿನ ಅಲ್ವಾ? ಬಿಡು."

"ಡಾಕ್ಟರಲ್ಲಿ ಒಂದು ಮಾತು ಕೇಳಿ ಬರುವನಾ?"

"ಡಾಕ್ಟರು ಬೈಯುತ್ತಾರೆ, ಅಷ್ಟೆ. ಅವರಿಗೆ ನಮ್ಮ ಮನೆಯ ತಾಪತ್ರಯ ಗೊತ್ತುಂಟಾ? ಸ್ವಲ್ಪ ಸ್ವಲ್ಪ ತಿನ್ನು, ನಡೆದಾಡು. ಐದು ದಿನಕ್ಕೆ ಎಂತದೂ ಪ್ರಳಯ ಆಗ್ಲಿಕ್ಕಿಲ್ಲ. ತಂಗಿಯ ಜೀವನದ ಪ್ರಶ್ನೆ, ಗೊತ್ತಾಯ್ತಲ್ಲ?"

"ಆಯ್ತು" ಎಂದಳು.

ಆದಿತ್ಯವಾರ ನಾನು, ಅಪ್ಪ, ಕಿರಿಯವಳು ಕಳಂಬೋಲಿಗೆ ಹೋದೆವು. ತಂಗಿ ಚಂದ ಕಾಣುತ್ತಿದ್ದಳು. ಮುಖ ತುಂಬಿಕೊಂಡಿತ್ತು, ಕೈತುಂಬ ಬಳೆ. ಎದುರಿಗೆ ಬಾಳೆ ಎಲೆಯಲ್ಲಿ ಕಾಯಿ ಹೋಳಿಗೆ, ಹಾಲುಬಾಯಿ, ಹೆಸರುಬೇಳೆ ಪಾಯಸ, ಲಡ್ಡು, ಚಕ್ಕುಲಿ, ಇನ್ನೂ ಏನೇನೋ. ಅವಳ ಅತ್ತೆ ಬಂದವರಿಗೆಲ್ಲ ಒಂದೊಂದನ್ನೂ ತೋರಿಸಿ, "ಇದು ನಾನೇ ಮಾಡಿದ್ದು, ಇವಳಿಗೆ ಸಿಹಿ ಸೇರುವುದಿಲ್ಲ, ಆದರೂ ಮಗುವಿಗೆ ಬೇಕಲ್ಲ" ಎನ್ನುತ್ತಿದ್ದರು. ಐದು ಜನ ಮುತ್ತೈದೆಯರು ಸಾಲಾಗಿ ಬಂದು ಬಾಯಿಗೆ ಒಂದೊಂದು ತುತ್ತು ಇಟ್ಟರು. ಮೂರನೆಯವರು ಪಾಯಸದ ಲೋಟ ಹಿಡಿದಾಗ ತಂಗಿ ನನ್ನ ಕಡೆ ನೋಡಿದಳು. ಅದೇ ಹೊತ್ತಿಗೆ ಹುಡುಗನ ಅಮ್ಮ ಕಿರಿಯವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೂದಲು ಮುಟ್ಟಿ ನೋಡುತ್ತಿದ್ದರು. ತಿನ್ನು ಎಂದು ನಾನು ಕಣ್ಣಿನಲ್ಲೇ ಸನ್ನೆ ಮಾಡಿದೆ. ಅವಳು ಕುಡಿದಳು.

ಮಂಗಳವಾರ ಮಧ್ಯಾಹ್ನ ಫೋನ್ ಬಂತು. ನಮ್ಮ ಕೈಗೆ ಮೊಬೈಲು ಬಂದ ಹೊಸತು ಅದು. ನಾನು ಮಕ್ಕಳಿಗೆ ಅನ್ನ ಕಲಸುತ್ತಿದ್ದೆ. ತಂಗಿ ಬಚ್ಚಲಿನಿಂದ ಮಾತಾಡುತ್ತಿದ್ದಿರಬೇಕು, ಬಕೆಟ್ಟಿಗೆ ನೀರು ಬೀಳುವ ಶಬ್ದ ಕೇಳುತ್ತಿತ್ತು.

"ಅಕ್ಕಾ, ಮಗು ನಿನ್ನೆಯಷ್ಟು ಅಲ್ಲಾಡ್ತಾ ಇಲ್ಲ."

"ಬೆಳಿಗ್ಗೆಯಿಂದ ಒಮ್ಮೆಯೂ ಇಲ್ವಾ?"

"ಒಂದೆರಡು ಸಲ. ಜೋರಿಲ್ಲ. ನನಗೆ ಬಾಯಾರಿಕೆ ಆಗ್ತದೆ, ಎಷ್ಟು ನೀರು ಕುಡಿದರೂ ಸಾಕಾಗುವುದಿಲ್ಲ. ಅತ್ತೆಯಲ್ಲಿ ಹೇಳಲಾ? ಇಲ್ಲೇ ಕೆಳಗೆ ಒಂದು ಆಸ್ಪತ್ರೆ ಉಂಟಂತೆ."

ಅಲ್ಲಿಗೆ ಹೋದರೆ ಫೈಲು ಕೇಳುತ್ತಾರೆ, ಏನು ಮದ್ದು ತೆಗೆದುಕೊಳ್ಳುತ್ತಿದ್ದೀರಿ ಎಂದು ಕೇಳುತ್ತಾರೆ. ಹಿಂದಿನ ಸಂಜೆಯಷ್ಟೇ ಹುಡುಗನ ಮನೆಯವರು ಒಪ್ಪಿಗೆ ಹೇಳಿಕಳಿಸಿದ್ದರು. ಇದೆಲ್ಲ ನನ್ನ ತಲೆಯಲ್ಲಿ ಎಷ್ಟು ಬೇಗ ಓಡಿತೆಂದರೆ, ಯೋಚಿಸಿದೆ ಎನ್ನಲಿಕ್ಕೂ ಆಗುವುದಿಲ್ಲ. ಏನಾದರೂ ತಿಂದು ಎಡಮಗ್ಗುಲಿಗೆ ಮಲಗು, ಮಗು ನಿದ್ದೆ ಮಾಡುತ್ತಿರಬೇಕು, ನಾಳೆ ಹೇಗೂ ಬರುತ್ತೀಯಲ್ಲ, ಬಂದ ಕೂಡಲೇ ಆಸ್ಪತ್ರೆಗೆ ಹೋಗುವ ಎಂದೆ. ಬಕೆಟ್ಟು ತುಂಬಿ ನೀರು ಹೊರಚೆಲ್ಲುವ ಶಬ್ದ ಕೇಳಿಸಿತು. ಆಮೇಲೆ "ಆಯ್ತಕ್ಕ" ಎಂದು ಫೋನ್ ಇಟ್ಟಳು.

ನಾನು ಮಕ್ಕಳಿಗೆ ಅನ್ನ ಉಣ್ಣಿಸಿದೆ. ಬಟ್ಟೆ ಮಡಚಿಟ್ಟೆ. ಆ ಮಧ್ಯಾಹ್ನ ನಾನು ಮಾಡಿದ ಪ್ರತಿಯೊಂದು ಕೆಲಸವೂ ನನಗೆ ಇವತ್ತಿಗೂ ನೆನಪಿದೆ. ಆಟೋ ಹಿಡಿದಿದ್ದರೆ ಕಳಂಬೋಲಿಗೆ ಒಂದು ಗಂಟೆಯ ದಾರಿ.

ಬುಧವಾರ ಅವಳು ನೇರ ನನ್ನ ಮನೆಗೇ ಬಂದಳು, ಜೊತೆಗೆ ಅತ್ತೆ. ಸೊಸೆಯ ಮುಖ ನೋಡಿ ಅತ್ತೆಗೇ ಗಾಬರಿಯಾಗಿತ್ತು, ಮೊಣಕಾಲು ಎಳೆದುಕೊಂಡೇ ಆಸ್ಪತ್ರೆಗೆ ಹೊರಟರು. ತಡೆಯುವ ಧೈರ್ಯ ನನಗಾಗಲಿಲ್ಲ. ಸ್ಕ್ಯಾನಿನ ಕೋಣೆಯಲ್ಲಿ ಡಾಕ್ಟರು ಹೊಟ್ಟೆಯ ಮೇಲೆ ಯಂತ್ರ ಇಟ್ಟರು, ಬದಿಗೆ ಸರಿಸಿದರು, ಮತ್ತೆ ಇಟ್ಟರು. ಇನ್ನೊಬ್ಬ ಡಾಕ್ಟರನ್ನು ಕರೆದರು. ಇಬ್ಬರೂ ಪರದೆ ನೋಡಿದರು. ಆಮೇಲೆ ಹಿರಿಯ ಡಾಕ್ಟರು ನಮ್ಮ ಫೈಲು ತಿರುವಿ, ತಂಗಿಯನ್ನು ಮರಾಠಿಯಲ್ಲಿ ಕೇಳಿದರು: "ಇನ್ಸುಲಿನ್ ಕಧೀ ಬಂದ್ ಕೇಲಂ?" ಇನ್ಸುಲಿನ್ ಯಾವಾಗ ನಿಲ್ಲಿಸಿದಿರಿ ಎಂದು.

ತಂಗಿ ನನ್ನ ಮುಖ ನೋಡಿದಳು. ಆಗಲೂ, ಅಯ್ಯೋ ದೇವರೇ, ಉತ್ತರ ಹೇಳಬಹುದೋ ಬಾರದೋ ಎಂದು ನನ್ನನ್ನೇ ಕೇಳುವ ಹಾಗೆ ನೋಡಿದಳು.

"ಎಂತ ಇನ್ಸುಲಿನ್?" ಎಂದರು ಅತ್ತೆ.

ಮಗುವಿನ ಎದೆಬಡಿತ ಇಲ್ಲ, ನಿನ್ನೆಯೋ ಇವತ್ತು ಬೆಳಿಗ್ಗೆಯೋ ನಿಂತಿರಬೇಕು ಎಂದು ಡಾಕ್ಟರು ಹೇಳಿದರು. ಸಕ್ಕರೆ ವಿಪರೀತ ಏರಿತ್ತು. ಇದರಿಂದಲೇ ಹೀಗಾಯಿತೆಂದು ನೂರಕ್ಕೆ ನೂರು ಹೇಳಲಾಗದು, ಆದರೆ ಸಮಯಕ್ಕೆ ಸರಿಯಾಗಿ ಸೂಜಿ, ಪರೀಕ್ಷೆ ಆಗಿದ್ದರೆ, ಅಲ್ಲಾಟ ಕಡಿಮೆಯಾದ ದಿನವೇ ಬಂದಿದ್ದರೆ, ಎಂದು ನಿಲ್ಲಿಸಿದರು. ಅವರೇನೂ ಬೈಯಲಿಲ್ಲ.

ಸತ್ತ ಮಗುವನ್ನೂ ಹೆರಬೇಕು. ಇದು ನನಗೆ ಅದುವರೆಗೆ ಗೊತ್ತಿರಲಿಲ್ಲ. ನೋವು ಬರುವ ಮದ್ದು ಕೊಟ್ಟರು. ಗುರುವಾರ ಮಧ್ಯಾಹ್ನದವರೆಗೆ ನನ್ನ ತಂಗಿ ಎಲ್ಲ ತಾಯಂದಿರ ಹಾಗೆಯೇ ನೋವು ತಿಂದಳು. ಹೆಣ್ಣು ಮಗು. ತಿಂಗಳಿಗೆ ಮೀರಿ ಬೆಳೆದಿತ್ತು, ತಲೆ ತುಂಬ ಕೂದಲು. ಸಿಸ್ಟರು ಬಟ್ಟೆಯಲ್ಲಿ ಸುತ್ತಿ ಹೊರಗೆ ತಂದು, ಯಾರಾದರೂ ನೋಡುತ್ತೀರಾ ಎಂದರು. ನಾನು ಹಿಂದೆ ಸರಿದೆ. ಅತ್ತೆ ಮುಂದೆ ಬಂದು ಎತ್ತಿಕೊಂಡರು. ಬಟ್ಟೆ ಸರಿಸಿ ಮುಖ ನೋಡಿದರು, ಬೆರಳು ನೋಡಿದರು, "ಮೂಗು ನನ್ನ ಮಗನದ್ದೇ" ಎಂದರು. ಆಮೇಲೆ ಮಗನ ಕೈಗೆ ಕೊಟ್ಟು ಗೋಡೆ ಹಿಡಿದುಕೊಂಡು ಕೂತರು. ಅವನು ಮತ್ತು ನನ್ನ ಗಂಡ ಮಗುವನ್ನು ಮಣ್ಣು ಮಾಡಲು ಹೋದರು.

ಹೆರಿಗೆಯಾದ ಮೂರನೆಯ ದಿನ ತಂಗಿಗೆ ಹಾಲು ಬಂತು. ಕುಡಿಯುವ ಬಾಯಿಲ್ಲ, ಎದೆ ಕಲ್ಲಿನಂತಾಗಿ ಜ್ವರವೇ ಬಂತು. ಅತ್ತೆ ಮಾರ್ಕೆಟ್ಟಿನಿಂದ ಮೊಳಗಟ್ಟಲೆ ಮಲ್ಲಿಗೆ ತರಿಸಿ, ಬಿಡಿಸಿ, ಎದೆಗೆ ಹರಡಿ ಹಳೆಯ ಸೀರೆಯಿಂದ ಬಿಗಿದು ಕಟ್ಟಿದರು, ಹಾಲು ಬತ್ತಲಿ ಎಂದು. ಕೋಣೆಯ ತುಂಬ ಮದುವೆಮನೆಯ ವಾಸನೆ. ನಾನು ಬಾಗಿಲಲ್ಲಿ ನಿಂತಿದ್ದೆ. ಒಳಗೆ ಬಾ ಎಂದು ಯಾರೂ ಕರೆಯಲಿಲ್ಲ, ಹೋಗು ಎಂದೂ ಹೇಳಲಿಲ್ಲ. ಅವತ್ತಿನಿಂದ ಎಷ್ಟೋ ವರ್ಷ ನಾನು ಮಲ್ಲಿಗೆ ಮುಡಿಯಲಿಲ್ಲ.

ತಿಂಗಳು ಕಳೆದ ಮೇಲೆ ಒಂದು ಬೆಳಿಗ್ಗೆ ಅತ್ತೆಯೇ ನನ್ನ ಮನೆಗೆ ಬಂದರು. ಬೈಗುಳ ತಿನ್ನಲು ನಾನು ತಯಾರಾಗಿದ್ದೆ, ಬೈದರೆ ಸಾಕಪ್ಪ ಎಂದೇ ಇದ್ದೆ. ಅವರು ಚಹಾ ಕುಡಿದರು. ಲೋಟ ಕೆಳಗಿಟ್ಟು ಕೇಳಿದರು: "ದಿನಕ್ಕೆ ಎಷ್ಟು ಸಲ ಕೊಡ್ತಿದ್ದದ್ದು?"

"ಎರಡು ಸಲ."

"ಹೊಟ್ಟೆಗಾ, ತೊಡೆಗಾ?"

"ಹೊಟ್ಟೆಗೆ."

"ಜಾಗ ಬದಲಾಯಿಸ್ತಿದ್ದಿಯಾ? ಒಂದೇ ಕಡೆ ಚುಚ್ಚಿದರೆ ಗಂಟು ಕಟ್ತದೆ."

ನಾನು ಅವರ ಮುಖ ನೋಡಿದೆ.

"ಮಗನ ಅಪ್ಪನಿಗೆ ಹನ್ನೊಂದು ವರ್ಷ ನಾನೇ ಕೊಟ್ಟಿದ್ದೇನೆ" ಎಂದರು. "ಆ ಮನೆಯಲ್ಲೇ. ಅದೇ ಅಡುಗೆಮನೆಯಲ್ಲಿ. ಸಕ್ಕರೆಯವರಿಗೆ ಎಂತ ಬಡಿಸಬೇಕು, ಎಷ್ಟು ಬಡಿಸಬೇಕು ಅಂತ ನನಗೆ ಬಾಯಿಪಾಠ. ನನ್ನಲ್ಲಿ ಒಂದು ಮಾತು ಹೇಳಿದ್ದರೆ ಆಗ್ತಿತ್ತಲ್ಲ ಮಗಾ. ನಾನು ಅವಳಿಗೆ ಪಾಯಸ ಕೊಟ್ಟೆ. ನನ್ನ ಕೈಯಾರೆ ಮಾಡಿ ಕೊಟ್ಟೆ."

ಅದೇ ಮೊದಲ ಸಲ ಅವರು ಅತ್ತದ್ದು. ನನಗೂ ಅಳು ಬಂತು. ಕ್ಷಮಿಸಿ ಎಂದು ಹೇಳಬೇಕೆಂದಿದ್ದೆ, ಇಷ್ಟು ಜೋರಿನ ಬಾಯಿಗೆ ಆ ಒಂದು ಶಬ್ದ ಬರಲಿಲ್ಲ. ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು ಎನ್ನುತ್ತಾರೆ. ಬಂದ ಬುದ್ಧಿಯನ್ನು ಇಟ್ಟುಕೊಂಡು ಏನು ಮಾಡುವುದು ಎಂದು ಯಾರೂ ಹೇಳುವುದಿಲ್ಲ.

ಕಿರಿಯವಳ ಸಂಬಂಧ ಮುರಿದವರು ಕಳಂಬೋಲಿಯವರಲ್ಲ. ಅವರು ವರ್ಷ ಕಳೆಯಲಿ, ಆಮೇಲೆ ನೋಡುವ ಎಂದಿದ್ದರು. ಬೇಡವೆಂದವಳು ಕಿರಿಯವಳೇ. ಇಲ್ಲೇ ಹುಟ್ಟಿ ಬೆಳೆದವಳು, ಸಿಟ್ಟು ಬಂದರೆ ಬಾಯಿಗೆ ಹಿಂದಿಯೇ ಬರುವುದು. "ಮುಝೆ ನಹೀಂ ಕರ್ನೀ ಯೇ ಶಾದಿ. ನಾನು ಕೇಳಿದ್ದೆನಾ ನಿನ್ನಲ್ಲಿ? ನನಗೋಸ್ಕರ ಅಂತ ಹೇಳ್ಬೇಡ ಅಕ್ಕ, ಪ್ಲೀಸ್" ಎಂದಳು. ಕೆಲವು ವರ್ಷದ ಮೇಲೆ ಠಾಣೆಯಲ್ಲಿ ತನ್ನ ಆಫೀಸಿನ ಮರಾಠಿ ಹುಡುಗನನ್ನು ಮದುವೆಯಾದಳು. ಯಾರ ಮನೆಯಲ್ಲಿ ಯಾರಿಗೆ ಯಾವ ರೋಗವಿದೆಯೆಂದು ಯಾರೂ ಯಾರನ್ನೂ ಕೇಳಲಿಲ್ಲ.

ನಡುವಿನವಳ ಗಂಡನಿಗೆ ಉಲ್ಹಾಸನಗರದ ಬಟ್ಟೆ ವ್ಯಾಪಾರಿಯೊಬ್ಬರಲ್ಲಿ ಕೆಲಸ ಸಿಕ್ಕಿತು. ಅವರು ಮನೆ ಖಾಲಿ ಮಾಡಿ ಕಲ್ಯಾಣಕ್ಕೆ ಹೋದರು. ಫೋನಿನಲ್ಲಿ ಮಾತಾಡುತ್ತಿದ್ದೆವು. ಊಟವಾಯಿತಾ, ಮಕ್ಕಳು ಹೇಗಿದ್ದಾರೆ, ಅಪ್ಪನ ಬೀಪಿ ಎಷ್ಟು, ಇಷ್ಟೇ. ಅವಳು ಎಂದೂ ನನ್ನನ್ನು ದೂರಲಿಲ್ಲ. ಒಂದು ಸಲವಾದರೂ ಕಿರುಚಿ ಜಗಳವಾಡಿದ್ದರೆ ನನಗೆ ಹಗುರಾಗುತ್ತಿತ್ತು. ಇನ್ನೊಂದು ಮಗುವಿನ ಮಾತು ನಾನು ಎತ್ತುತ್ತಿರಲಿಲ್ಲ. ಎತ್ತುವ ಬಾಯಿ ಎಲ್ಲಿತ್ತು?

ಮೂರು ವರ್ಷ ಹೀಗೇ ಹೋಯಿತು. ಒಂದು ದಿನ ಡೊಂಬಿವಲಿಗೆ ಅಪ್ಪನನ್ನು ನೋಡಲು ಹೋದವಳಿಗೆ ಮನಸ್ಸು ತಡೆಯಲಿಲ್ಲ. ಫೋನ್ ಕೂಡ ಮಾಡದೆ ಮುಂದಿನ ಲೋಕಲ್ ಹಿಡಿದು ಕಲ್ಯಾಣದಲ್ಲಿ ಇಳಿದೆ. "ಇವತ್ತು ಬೇಡ, ಇನ್ನೊಮ್ಮೆ ಹೋಗು" ಎಂದು ಅಪ್ಪ ಎರಡು ಸಲ ಹೇಳಿದ್ದರು. ಯಾಕೆಂದು ಆಗ ತಿಳಿಯಲಿಲ್ಲ.

ಬಾಗಿಲು ತೆರೆದವಳು ತಂಗಿ. ನೈಟಿಯ ಒಳಗೆ ತುಂಬಿದ ಹೊಟ್ಟೆ. ಎಂಟು ತಿಂಗಳಿಗೆ ಕಡಿಮೆಯಿಲ್ಲ.

ಇಬ್ಬರೂ ಹೊಸ್ತಿಲಿನ ಎರಡು ಬದಿಯಲ್ಲಿ ನಿಂತೆವು. ಆಮೇಲೆ ಅವಳು, "ಬಾ ಅಕ್ಕ, ಬಿಸಿಲಲ್ಲಿ ಬಂದಿ" ಎಂದು ಕೈಚೀಲ ತೆಗೆದುಕೊಂಡಳು. ಅಡುಗೆ ಕಟ್ಟೆಯ ಗೋಡೆಗೆ ಒಂದು ಹಾಳೆ ಅಂಟಿಸಿತ್ತು. ಯಾವ ಹೊತ್ತಿಗೆ ಎಷ್ಟು ಚಪಾತಿ, ಯಾವ ಪಲ್ಯ, ಸಕ್ಕರೆ ಎಷ್ಟು ಬಂತು ಎಂದು ಅತ್ತೆಯ ಉರುಟು ಅಕ್ಷರದಲ್ಲಿ ಬರೆದಿತ್ತು. ಮೇಲುಗಡೆ ಆಸ್ಪತ್ರೆಯ ನಂಬರು, ಆಟೋದವನ ನಂಬರು, ಅಪ್ಪನ ನಂಬರು, ಕಿರಿಯವಳ ನಂಬರು. ಓದುತ್ತ ನಿಂತೆ. ಎಲ್ಲರಿಗೂ ಗೊತ್ತಿತ್ತು. ನನ್ನ ಗಂಡನಿಗೂ ಗೊತ್ತಿತ್ತೆಂದು ಆಮೇಲೆ ತಿಳಿಯಿತು.

"ಎಲ್ಲ ಸರಿ ಉಂಟಾ? ಮಗು?" ಎಂದೆ.

"ಸರಿ ಉಂಟು. ಮುಂದಿನ ತಿಂಗಳು ಡೇಟು. ದಿನಾ ಒದೆ ಎಣಿಸ್ತೇವೆ, ನಾನು ಮತ್ತೆ ಅತ್ತೆ."

"ನನಗೆ ಒಂದು ಮಾತು ಹೇಳಬಹುದಿತ್ತಲ್ಲ" ಎಂದೆ. ಹೇಳಬಾರದಿತ್ತು, ಬಾಯಿ ತಡೆಯಲಿಲ್ಲ. "ಇನ್ನೂ ಸಿಟ್ಟುಂಟಾ ನನ್ನ ಮೇಲೆ?"

ಅವಳು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಕುರ್ಚಿಯಲ್ಲಿ ಕೂತಳು. ಮುಖ ನೋಡಿ ನನ್ನಲ್ಲಿ ಸುಳ್ಳು ಹೇಳಲು ಅವಳಿಗೆ ಬರುವುದಿಲ್ಲ.

"ಸಿಟ್ಟಿಲ್ಲ ಅಕ್ಕ" ಎಂದಳು. "ನಿನಗೆ ಹೇಳಿದರೆ ನೀನು ಹೀಗೆ ಮಾಡು, ಹಾಗೆ ಮಾಡು ಅಂತ ಏನಾದರೂ ಹೇಳ್ತಿದ್ದಿ. ನೀನು ಹೇಳಿದರೆ ನಾನು ಕೇಳಿಬಿಡ್ತಿದ್ದೆ."